ಸಹಾಯ ಬೇಕು: ಕಾರ್ಟಿಲೇಜ್ ಕೋಶಗಳಲ್ಲಿ ಸ್ಟೆಮ್ ಸೆಲ್ ಗುಣ

ನಮಸ್ಕಾರ. ಮೊಣಕಾಲಿನ ಕಾರ್ಟಿಲೇಜ್ (ಮೃದು ಎಲುಬು) ಕೋಶಗಳನ್ನು ಪ್ಲಾಸ್ಟಿಕ್ ಡಿಶ್‌ನಲ್ಲಿ ಬೆಳೆಸುತ್ತಿದ್ದೇನೆ. ಮೊದಲು ದುಂಡಗಿದ್ದವು, ಕೆಲವು ಪ್ಯಾಸೇಜ್ (ಬೆಳೆದ ಕೋಶಗಳನ್ನು ಹೊಸ ಡಿಶ್‌ಗೆ ಹಂಚುವುದು) ಆಗುವಷ್ಟರಲ್ಲಿ ಉದ್ದಕ್ಕೆ ಎಳೆದಂತಾಗಿ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ) ಥರ ಕಾಣುತ್ತಿವೆ. ಕಾರ್ಟಿಲೇಜ್‌ನ ಮುಖ್ಯ ಪ್ರೋಟೀನಾದ ಟೈಪ್ 2 ಕೊಲಾಜೆನ್ ಇಳಿದಿದೆ, ಫೈಬ್ರೊಬ್ಲಾಸ್ಟ್‌ಗಳು ಮಾಡುವ ಟೈಪ್ 1 ಏರಿದೆ. ಅದು ಗೊತ್ತಿದ್ದದ್ದೇ. ಆದರೆ ಸ್ಟೆಮ್ ಸೆಲ್ ಗುರುತಿಸಲು ನೋಡುವ ಮಾರ್ಕರ್‌ಗಳಾದ ಸಿಡಿ90, ಸಿಡಿ105 (ಕೋಶದ ಮೇಲ್ಮೈ ಪ್ರೋಟೀನ್‌ಗಳು) ಕೂಡ ಜಾಸ್ತಿಯಾಗಿವೆ. ಕೊಬ್ಬಿನ ಕೋಶಗಳಾಗುವ ಕಡೆಗೆ ತಿರುಗಿಸಿ ಆಯಿಲ್ ರೆಡ್ ಓ (ಕೊಬ್ಬನ್ನು ಕೆಂಪಗೆ ತೋರಿಸುವ ಬಣ್ಣ) ಹಾಕಿದರೆ ಕೋಶದೊಳಗೆ ಸಣ್ಣ ಕೆಂಪು ಹನಿಗಳು ಸ್ಪಷ್ಟವಾಗಿ ಕಾಣುತ್ತವೆ!

ಬಲಿತ ಕೋಶಗಳೇ ಹಿಂದಿನ ಸ್ಥಿತಿಗೆ ಹೋದವೇ? ಇಲ್ಲಾ ಮೊದಲೇ ಇದ್ದ ಸ್ವಲ್ಪ ಪ್ರೊಜೆನಿಟರ್ (ಸ್ಟೆಮ್ ಸೆಲ್ ಥರದ, ಇನ್ನೂ ಬಲಿಯದ) ಕೋಶಗಳು ಬೇಗ ಬೆಳೆದು ಡಿಶ್ ತುಂಬಿದವೇ? ಬರೀ ಮಾರ್ಕರ್ ನೋಡಿ ಹೇಳಲಾಗದು, ಫೈಬ್ರೊಬ್ಲಾಸ್ಟ್‌ಗಳಲ್ಲೂ ಅವು ಇರುತ್ತವೆ ಅಲ್ವಾ. ಫೈಬ್ರೊನೆಕ್ಟಿನ್ (ಕೋಶಗಳು ಅಂಟಿಕೊಳ್ಳುವ ಪ್ರೋಟೀನ್) ಮೇಲೆ ಬೇಗ ಅಂಟುವ, ಪ್ರೊಜೆನಿಟರ್ ಇರಬಹುದಾದ ಕೋಶಗಳನ್ನು ಬೇರೆ ಮಾಡಿ, ಒಂದೊಂದೇ ಕೋಶದಿಂದ ಕ್ಲೋನ್ ಬೆಳೆಸುವ ಯೋಚನೆ ಇದೆ. ಇದನ್ನು ಮಾಡಿದವರು ದಯವಿಟ್ಟು ತಿಳಿಸಿ: ಎಷ್ಟು ಹೊತ್ತು ಅಂಟಲು ಬಿಟ್ಟಿರಿ, ಕೋಶಗಳನ್ನು ಎಷ್ಟು ವಿರಳವಾಗಿ ಹಾಕಿದಿರಿ?