ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್‌ಗೆ ಫಿಕ್ಸ್ಚರ್: ಮಾಡಿದವರು ಅನುಭವ ಹೇಳಿ

ಹುಬ್ಬಳ್ಳಿ ಶಾಪ್: ತಿರುಗೋ ಟೂಲಿನ ಪಿನ್ ಸಂದಿಗೆ ಇಳಿಸಿ, ಲೋಹ ಕರಗಿಸದೆ ಕಲಸಿ ಜೋಡಿಸೋ ಕೆಲಸ ಇದು. 6061 ಅಲ್ಯೂಮಿನಿಯಂ, 6 ಎಂಎಂ ದಪ್ಪ, 400 ಎಂಎಂ ಉದ್ದದ ಬಟ್ ಜಾಯಿಂಟ್ (ಅಂಚಿಗೆ ಅಂಚು ಕೂಡಿಸಿದ್ದು). ಇರೋದು ಹಳೇ ವರ್ಟಿಕಲ್ ಮಿಲ್ಲಿಂಗ್ ಮಷಿನ್. ಫಿಕ್ಸ್ಚರ್ ಅಂತ ಪ್ಲೇಟ್ ಹಿಡಿಯೋದಕ್ಕೆ ಮಾಮೂಲಿ ಸ್ಟ್ರಾಪ್ ಕ್ಲ್ಯಾಂಪ್ ಸಾಕಾ?

ಪೀಣ್ಯ ಟೂಲ್‌ರೂಮ್: ಸಾಕಾಗಲ್ಲ ಸಾರ್. ನಾನು ಮೇಲಿಂದ ಒತ್ತೋ ನಾಲ್ಕು ಕ್ಲ್ಯಾಂಪ್ ಹಾಕಿ ಶುರು ಮಾಡಿದ್ದೆ. ಪಿನ್ ಒಳಗೆ ಇಳಿಯುತ್ತಿದ್ದ ಹಾಗೇ ಎರಡೂ ಪ್ಲೇಟ್ ಪಕ್ಕಕ್ಕೆ ಸರಿದವು. ಅರ್ಧ ದಾರಿಯಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ಸಂದಿಯಲ್ಲಿ 0.8 ಎಂಎಂ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಸಲೀಸಾಗಿ ಹೋಗುತ್ತಿತ್ತು. ಅದನ್ನೇ ಮುಗಿಸಿ, ಕತ್ತರಿಸಿ ನೋಡಿದೆ, ಒಳಗೆ ಉದ್ದಕ್ಕೂ ಟನಲ್, ಅಂದರೆ ಟೊಳ್ಳು. 11 ಜೊತೆ ಪ್ಲೇಟ್ ಗುಜರಿಗೆ ಹೋಯಿತು. ಆಮೇಲೆ ಪಕ್ಕದಿಂದ ತಳ್ಳೋಕೆ ದಪ್ಪ ಬಾರ್, ಅದಕ್ಕೆ ಐದು ಎಂ12 ಬೋಲ್ಟ್. ಅವತ್ತಿಂದ ಒಂದು ಸಂದಿಯೂ ಬಿಟ್ಟುಕೊಂಡಿಲ್ಲ.

ಬೆಳಗಾವಿಯವ: ಇದು ಅರ್ಧ ಮಾತು. ಜಾಯಿಂಟ್ ಅಡಿಗೆ ಆಸರೆಯಾಗಿ ಇಡೋ ಬ್ಯಾಕಿಂಗ್ ಪ್ಲೇಟ್ ಬಗ್ಗೆ ಯಾಕೆ ಹೇಳಲ್ಲ? ನಾನು ಶಾಪಲ್ಲಿ ಬಿದ್ದಿದ್ದ 12 ಎಂಎಂ ಎಂಎಸ್ (ಮೆತ್ತನೆ ಉಕ್ಕು) ಪ್ಲೇಟ್ ಹಾಕಿದ್ದೆ. ಜಾಯಿಂಟ್ ಕೆಳಗೆ ಅದು ಬಾಗಿ ಕೂತಿತ್ತು, ಗೊತ್ತೇ ಆಗಲಿಲ್ಲ. ಪಿನ್ ತುದಿ ತಳದ ಹತ್ತಿರಕ್ಕೆ ಹೋಗದೆ ಬೇರಲ್ಲಿ, ಅಂದರೆ ಜಾಯಿಂಟಿನ ತಳದಲ್ಲಿ, ವೆಲ್ಡೇ ಆಗಿರಲಿಲ್ಲ. ಮೇಲಿಂದ ನೋಡಿದರೆ ಬಳೆ ಬಳೆ ಗುರುತು, ಎಷ್ಟು ಚೆಂದ! ಗಿರಾಕಿಯ ಬೆಂಡ್ ಟೆಸ್ಟಲ್ಲಿ (ಬಗ್ಗಿಸಿ ನೋಡೋ ಪರೀಕ್ಷೆ) ತಳದಿಂದ ಬಾಯಿ ಬಿಟ್ಟಿತು. ಇಡೀ ಲಾಟ್ ವಾಪಸ್, 38,000 ರೂಪಾಯಿ ಕೈಯಿಂದ ಹೋಯಿತು. ಈಗ 40 ಎಂಎಂ ಟೂಲ್ ಸ್ಟೀಲ್, ಹಾರ್ಡನ್ ಮಾಡಿಸಿ ಗ್ರೈಂಡ್ ಮಾಡಿಸಿದ್ದು. ಪಿನ್ ತುದಿಗೂ ಅದಕ್ಕೂ 0.15 ಅಂತರ, ಪ್ರತಿ ಸಲ ಡಯಲ್ ಗೇಜ್ ಹಾಕಿಯೇ ನೋಡುತ್ತೇನೆ.

ಪೀಣ್ಯ ಟೂಲ್‌ರೂಮ್: ಅರ್ಧ ಮಾತಾ? ಪ್ಲೇಟ್ ಸರಿದ ಮೇಲೆ ನಿಮ್ಮ ಗ್ರೈಂಡಿಂಗ್ ಇಟ್ಟುಕೊಂಡು ಏನು ಮಾಡುತ್ತೀರಿ? 11 ಜೊತೆ ಕಳೆದುಕೊಂಡವನು ನಾನು.

ಬೆಳಗಾವಿಯವ: ಸುಮ್ನೆ ಕೂಗಬೇಡಿ. ನಿಮ್ಮ ಟನಲ್ ಕತ್ತರಿಸಿದರೆ ಕಂಡಿತು. ನನ್ನದು ಗಿರಾಕಿ ಕೈಯಲ್ಲಿ ಬಿರುಕು ಬಿಟ್ಟಿದ್ದು.

ಹೊಸೂರು ರೋಡ್: ಇಬ್ಬರೂ ಮಷಿನ್ ಮರೆತಿದ್ದೀರಿ. ಕೆಳಕ್ಕೆ ಒತ್ತೋ ಬಲವೇ ಟನ್ ಲೆಕ್ಕದಲ್ಲಿರುತ್ತೆ. ನನ್ನ ಮಷಿನ್ನಲ್ಲಿ ಕ್ವಿಲ್ (ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಆಡೋ ಭಾಗ) ಮೆಲ್ಲಗೆ ಮೇಲೇರಿತು, ನಾನು ಫಿಕ್ಸ್ಚರನ್ನೇ ಬೈದುಕೊಂಡು ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ನೋಡಿದರೆ ಸ್ಪಿಂಡಲ್ ಬೇರಿಂಗ್ ಹೋಗಿತ್ತು. 26,000 ಖರ್ಚು, ಮೂರು ವಾರ ಮಷಿನ್ ನಿಂತಿತ್ತು. ಹಳೇ ಮಿಲ್ಲಿಂಗಲ್ಲಿ ಈ ಕೆಲಸ ಬೇಡವೇ ಬೇಡ.

ಪೀಣ್ಯ ಟೂಲ್‌ರೂಮ್: ಬೇಡ ಅನ್ನೋಕೆ ನೀವ್ಯಾರು? ನನ್ನದೂ ಹಳೇ ಮಿಲ್ಲಿಂಗೇ. ಕ್ವಿಲ್ ಲಾಕ್ ಮಾಡಿ, ಟೇಬಲ್ ಮೇಲೆತ್ತಿ ಪಿನ್ ಇಳಿಸುತ್ತೇನೆ. ನೀವು ಲಾಕ್ ಹಾಕಿದ್ರಾ?

ಹೊಸೂರು ರೋಡ್: ಹಾಕಿದ್ದೆ. ಲಾಕ್ ಹಾಕಿದ್ದಕ್ಕೇ ಬೇರಿಂಗ್ ಮೇಲೆ ಭಾರ ಬಿತ್ತು ಅಂತ ಮೆಕ್ಯಾನಿಕ್ ಹೇಳಿದ.

ಪೀಣ್ಯ ಟೂಲ್‌ರೂಮ್: ಮೆಕ್ಯಾನಿಕ್ ಹೇಳಿದ್ದು ತಪ್ಪು. ಲಾಕ್ ಇದ್ದರೂ ಇಲ್ಲದಿದ್ದರೂ ಭಾರ ಬೇರಿಂಗ್ ಮೇಲೇ ಅಲ್ವಾ? ಹಳೇ ಬೇರಿಂಗ್ ಇಟ್ಟಿದ್ದರೆ ಫೋಟೊ ಹಾಕಿ, ಟ್ರ್ಯಾಕ್ ಗುರುತು (ಒಳಗಿನ ಗುಂಡು ಓಡಿದ ಜಾಡು) ನೋಡೋಣ.