ಎಸಿಆರ್‌ನಲ್ಲಿ ಗ್ರೇಡ್ ಇಳಿಸಿದ್ದಾರೆ. ಸುಮ್ಮನಿರಲಾ, ದೂರು ಕೊಡಲಾ?

ಗಡಿ ಹವಾಲ್ದಾರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸೇನೆಯಲ್ಲಿ ಹವಾಲ್ದಾರ್. ಯುನಿಟ್ ಹೆಸರು, ಜಾಗ ಬರೆಯುವಂತಿಲ್ಲ, ಅದನ್ನು ದಯವಿಟ್ಟು ಕೇಳಬೇಡಿ.

ಈ ಸಲದ ಎಸಿಆರ್‌ನಲ್ಲಿ (ನಮ್ಮ ಕೆಲಸದ ಬಗ್ಗೆ ಅಧಿಕಾರಿ ಬರೆಯುವ ವಾರ್ಷಿಕ ಗೋಪ್ಯ ವರದಿ) ನನಗೆ 'ಹೈ ಆವರೇಜ್' ಕೊಟ್ಟಿದ್ದಾರೆ. ಹವಾಲ್ದಾರ್ ಆದಾಗಿನಿಂದ ಬಂದ ರಿಪೋರ್ಟ್‌ಗಳೆಲ್ಲ 'ಅಬೌ ಆವರೇಜ್', ಅಂದರೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗ್ರೇಡ್. ಹೊರಗಿನವರಿಗೆ ಇದೇನು ದೊಡ್ಡ ವಿಷಯ ಅನಿಸಬಹುದು. ನಮ್ಮಲ್ಲಿ ಹವಾಲ್ದಾರ್ ಮೇಲಿನ ನಾಯಬ್ ಸುಬೇದಾರ್ ಪ್ರಮೋಷನ್‌ಗೆ ಕೊನೆಯ ಐದು ರಿಪೋರ್ಟ್ ತೆಗೆದು ನೋಡುತ್ತಾರೆ. ಇನ್ನೊಂದು ವರ್ಷ ಹೀಗೇ ಬಂದರೆ ನನ್ನ ಕಥೆ ಮುಗಿಯಿತು. ಹವಾಲ್ದಾರ್‌ಗೆ ಸರ್ವಿಸ್ 24 ವರ್ಷ, ಸ್ಕ್ರೀನಿಂಗ್‌ನಲ್ಲಿ ಪಾಸಾದರೆ ಇನ್ನೆರಡು. ಆಮೇಲೆ ಸಾಯುವವರೆಗೂ ಹವಾಲ್ದಾರ್ ಪೆನ್ಷನ್ನೇ. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದಾರೆ.

ಹಳೆಯ ಕಂಪನಿ ಕಮಾಂಡರ್ ವರ್ಷದ ನಡುವೆ ಪೋಸ್ಟಿಂಗ್ ಹೋದರು, ಹೊಸಬರು ಬಂದರು. ನಾನು ಆಗ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಚೆಕಿಂಗ್‌ನಲ್ಲಿ ಒಂದು ಬೈನಾಕ್ಯುಲರ್ ಲೆಕ್ಕಕ್ಕೆ ಬರುತ್ತಿಲ್ಲ ಅಂತ ಎಲ್ಲರೆದುರು ಜೋರು ಮಾಡಿದರು. ಅದು ರಿಪೇರಿಗೆ ವರ್ಕ್‌ಶಾಪ್‌ಗೆ ಹೋಗಿತ್ತು. ವೋಚರ್ ಫೈಲಿನಲ್ಲೇ ಇತ್ತು, ತೆಗೆದು ತೋರಿಸಿದೆ. ಜವಾನರು ನಿಂತು ನೋಡುತ್ತಿದ್ದರು. ಅವತ್ತಿನಿಂದ ಸಾಹೇಬರು ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಅದೇ ಸಿಟ್ಟು ರಿಪೋರ್ಟ್‌ನಲ್ಲಿ ಇಳಿದಿದೆ ಅಂತ ನನ್ನ ಗಟ್ಟಿ ನಂಬಿಕೆ.

ಪೆನ್ ಪಿಕ್ಚರ್‌ನಲ್ಲಿ (ನನ್ನ ಬಗ್ಗೆ ಮಾತಿನಲ್ಲಿ ಬರೆಯುವ ಭಾಗ) ಬರೆದಿರುವುದು: 'ಮೇಲ್ವಿಚಾರಣೆ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತಾನೆ.' ಓದಿ ಮೈ ಉರಿದು ಹೋಯಿತು. ರಜೆಗೆ ಹೊರಡುವ ಹಿಂದಿನ ಸಂಜೆ ಕರೆದು, ತೋರಿಸಿ, ಸಹಿ ಹಾಕಿಸಿಕೊಂಡರು. ನಾನು ಹಾಕಿಬಿಟ್ಟೆ. ವರ್ಷವಿಡೀ ಒಂದು ವಾರ್ನಿಂಗ್ ಲೆಟರ್ ಇಲ್ಲ, ಕರೆದು ಬುದ್ಧಿ ಹೇಳಿದ್ದೂ ಇಲ್ಲ. ಸಹಿ ಹಾಕಿದ ಮೇಲೆ ಏನಾದರೂ ಮಾಡಬಹುದಾ? ದೂರು ಕೊಟ್ಟರೆ ಮುಂದಿನ ವರ್ಷ ಇನ್ನೂ ಕೆಡಿಸುತ್ತಾರಾ? ಗೊತ್ತಿರುವವರು ಹೇಳಿ.

ಹಳೇ ಹೆಡ್ ಕ್ಲರ್ಕ್

ತಮ್ಮಾ, ನಾನು ಸರ್ವಿಸ್ ಪೂರ್ತಿ ಆಫೀಸಿನಲ್ಲೇ ಕಳೆದವನು. ಹೆಡ್ ಕ್ಲರ್ಕ್ ಆಗಿ, ಸುಬೇದಾರ್ ಆಗಿ ಮನೆಗೆ ಬಂದೆ. ಎಸಿಆರ್ ಫಾರ್ಮ್‌ಗಳು ನನ್ನ ಟೇಬಲ್ ದಾಟಿಯೇ ರೆಕಾರ್ಡ್ ಆಫೀಸಿಗೆ ಹೋಗುತ್ತಿದ್ದವು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದು.

ಸಹಿಯ ಚಿಂತೆ ಬಿಡು. ರಿಪೋರ್ಟ್ ನೋಡಿದ್ದೇನೆ ಅಂತ ಹಾಕುವ ಸಹಿ ಅದು, ಒಪ್ಪಿದ್ದೇನೆ ಅಂತ ಅಲ್ಲ. ಸಹಿ ಹಾಕಿದವರೂ ದೂರು ಕೊಟ್ಟಿದ್ದಾರೆ, ಗೆದ್ದೂ ಇದ್ದಾರೆ.

ಇನ್ನು ಬೈನಾಕ್ಯುಲರ್ ವಿಷಯ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ವೋಚರ್ ಕೈಯಲ್ಲಿಟ್ಟುಕೊಂಡು ಬೈಸಿಕೊಳ್ಳುವುದು ಸಣ್ಣ ಅವಮಾನ ಅಲ್ಲ. ಆದರೂ ದೂರಿನಲ್ಲಿ ಅದು ಬೇಡ. ಸಾಹೇಬರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ನಿನ್ನ ಹತ್ತಿರ ಕಾಗದ ಇಲ್ಲ. ಆರ್ಮಿ ಆ್ಯಕ್ಟ್ 1950ರ ಸೆಕ್ಷನ್ 26 ನಮ್ಮಂಥವರಿಗೆ ದೂರು ಕೊಡುವ ಹಕ್ಕು ಕೊಟ್ಟಿದೆ. ಅದೇ ಆ್ಯಕ್ಟಿನ ಸೆಕ್ಷನ್ 56 ಕೂಡ ಓದಿಕೋ. ಆ ದೂರಿನಲ್ಲಿ ಇನ್ನೊಬ್ಬರ ನಡತೆಯ ಮೇಲೆ ಸುಳ್ಳು ಅಂತ ಗೊತ್ತಿದ್ದೂ ಬರೆದರೆ, ಇಲ್ಲವೇ ಮುಖ್ಯ ಸಂಗತಿಯನ್ನು ಬೇಕಂತಲೇ ಮುಚ್ಚಿಟ್ಟರೆ, ಕೋರ್ಟ್ ಮಾರ್ಷಲ್‌ನಲ್ಲಿ ಐದು ವರ್ಷದವರೆಗೆ ಜೈಲು ಆಗಬಹುದು. ನಿಜ ಬರೆದವನು ಇದಕ್ಕೆ ಹೆದರಬೇಕಾಗಿಲ್ಲ. ಆದರೆ 'ಸಿಟ್ಟಿನಿಂದ ಬರೆದರು', 'ಬೇರೆಯವರಿಗೆ ಅನುಕೂಲ ಮಾಡಿಕೊಟ್ಟರು' ಅನ್ನುವ ಸಾಲುಗಳು ನಿನ್ನ ಊಹೆ. ಆ ಊಹೆಯೇ ಮುಂದೆ ನಿನ್ನ ಕಾಲಿಗೆ ತೊಡರಿಕೊಳ್ಳುತ್ತದೆ. ದೂರು ಓದುವ ಅಧಿಕಾರಿಯ ಗಮನವೂ ರಿಪೋರ್ಟ್ ಬಿಟ್ಟು ಜಗಳದ ಕಡೆಗೆ ಹೋಗುತ್ತದೆ.

'ನಾನು ಒಳ್ಳೆಯ ಸೈನಿಕ' ಅಂತ ಸಾಬೀತು ಮಾಡಲು ಹೋಗಬೇಡ. ರಿಪೋರ್ಟ್ ನಿಯಮದ ಪ್ರಕಾರ ಆಗಿದೆಯಾ, ಅದರ ಒಂದು ಭಾಗ ಇನ್ನೊಂದಕ್ಕೆ ತಾಳೆ ಆಗುತ್ತದಾ, ಅಷ್ಟನ್ನು ಹಿಡಿದುಕೋ. ನನ್ನ ಕಣ್ಣೆದುರು ತಿದ್ದುಪಡಿ ಆದ ರಿಪೋರ್ಟ್‌ಗಳೆಲ್ಲ ಇಂಥ ಕಾರಣಕ್ಕೇ ಆದವು.

ಮೊದಲು ದಿನ ಎಣಿಸು. ರಿಪೋರ್ಟ್ ಮೊದಲು ಬರೆಯುವ ಐಒ (ಇನಿಶಿಯೇಟಿಂಗ್ ಆಫೀಸರ್, ನಿನಗೆ ಕಂಪನಿ ಕಮಾಂಡರ್) ಕೈಕೆಳಗೆ ನೀನು ಕನಿಷ್ಠ 90 ದಿನ ನಿಜವಾಗಿ ಹಾಜರಿದ್ದು ಕೆಲಸ ಮಾಡಿರಬೇಕು. ರಜೆ, ಕೋರ್ಸ್, ಬೇರೆ ಕಡೆ ಅಟ್ಯಾಚ್‌ಮೆಂಟ್ ಎಲ್ಲ ಕಳೆದು ನೋಡು. ಬಾಯಿ ಲೆಕ್ಕ ಬೇಡ. ಮೂವ್‌ಮೆಂಟ್ ಆರ್ಡರ್, ಲೀವ್ ಸರ್ಟಿಫಿಕೇಟ್, ಪಾರ್ಟ್ 2 ಆರ್ಡರ್ (ರಜೆ, ಪೋಸ್ಟಿಂಗ್ ಎಲ್ಲ ದಾಖಲಾಗುವ ಯುನಿಟ್ ಆದೇಶ) ಮೂರನ್ನೂ ಪಕ್ಕಪಕ್ಕ ಇಟ್ಟು ತಾರೀಖು ಬರೆದುಕೋ. ಹೊಸ ಸಾಹೇಬರು ಚಾರ್ಜ್ ತೆಗೆದುಕೊಂಡ ತಾರೀಖನ್ನೂ ನೋಡು, ಅವರು ಬಂದ ತಾರೀಖಿಗೂ ಅದಕ್ಕೂ ವ್ಯತ್ಯಾಸ ಇರಬಹುದು.

ಆಮೇಲೆ ಆ ಪೆನ್ ಪಿಕ್ಚರ್. 'ಮೇಲ್ವಿಚಾರಣೆ ಇದ್ದರೆ' ಅನ್ನುವ ಮಾತಿಗೆ ಎದುರಾಗಿ ನಿಲ್ಲುವ ಕಾಗದ ಹುಡುಕು. ಅದೇ ಅವಧಿಯಲ್ಲಿ ನಿನ್ನೊಬ್ಬನನ್ನೇ ನಂಬಿ ಯಾವುದಾದರೂ ಪೋಸ್ಟ್‌ಗೆ, ಕಾನ್ವಾಯ್‌ಗೆ, ಪಾರ್ಟಿ ಕಮಾಂಡರ್ ಆಗಿ ಕಳಿಸಿದ್ದಾರಾ? ಆ ಆರ್ಡರ್‌ಗೆ ಯಾರ ಸಹಿ ಇದೆ? ಸ್ಟೋರ್ ಬೋರ್ಡ್‌ನಲ್ಲಿ (ಸ್ಟೋರ್ ಸಾಮಾನು ಎಣಿಸಿ ನೋಡುವ ಅಧಿಕೃತ ತಪಾಸಣೆ) ಕೊರತೆ ಇಲ್ಲ ಅಂತ ಬರೆದಿದ್ದಾರಾ? ಬಿಪಿಇಟಿ (ದೈಹಿಕ ಸಾಮರ್ಥ್ಯದ ಪರೀಕ್ಷೆ), ಫೈರಿಂಗ್ ರಿಸಲ್ಟ್ ಏನು? ಹಳೆಯ ವರ್ಷಗಳದ್ದು ತರಬೇಡ, ಈ ರಿಪೋರ್ಟಿನ ಅವಧಿಯದ್ದು ಮಾತ್ರ ಬೇಕು.

ಎಲ್ಲಿ ಕೊಡಬೇಕು ಅನ್ನುವುದೂ ಸೆಕ್ಷನ್ 26ರಲ್ಲೇ ಇದೆ. ಸಾಮಾನ್ಯವಾಗಿ ಕಂಪನಿ ಕಮಾಂಡರ್‌ಗೆ ಕೊಡಬೇಕು. ದೂರು ಅವರ ಮೇಲೇ ಇದ್ದರೆ ಅವರ ಮೇಲಿನ ಅಧಿಕಾರಿಗೆ. ಅಂದರೆ ನಿನಗೆ ಯುನಿಟ್ ನಡೆಸುವ ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರು. ಎಸ್‌ಎಂ (ಸುಬೇದಾರ್ ಮೇಜರ್) ಸಾಹೇಬರ ಮೂಲಕ ಸಿಒ ಜೊತೆ ಇಂಟರ್‌ವ್ಯೂ ಕೇಳು. ಬಾಯಲ್ಲಿ ಹೇಳಿ ಬರಬೇಡ, ಬರೆದು ಕೊಡು, ಕೊಟ್ಟಿದ್ದಕ್ಕೆ ಆಫೀಸಿನ ಡೈರಿ ನಂಬರ್ ತೆಗೆದುಕೋ. 'ಮುಂದಿನ ವರ್ಷ ಸರಿ ಮಾಡುತ್ತೇನೆ ಬಿಡು' ಅನ್ನುವ ಮಾತು ಬರಬಹುದು. ಹೇಳುವವರು ಮನಃಪೂರ್ವಕವಾಗಿಯೇ ಹೇಳುತ್ತಾರೆ. ಆದರೆ ಅವರು ಪೋಸ್ಟಿಂಗ್ ಹೋದರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ. ರಿಪೋರ್ಟ್ ಮಾತ್ರ ನಿನ್ನ ಡೋಸಿಯರ್‌ನಲ್ಲಿ (ಎಸಿಆರ್‌ಗಳನ್ನು ಇಡುವ ಕಡತ) ಉಳಿಯುತ್ತದೆ.

ಇನ್ನೊಂದು ವಿಷಯ. ಹಾಗೇ ಆದ ಬೇರೆ ಹವಾಲ್ದಾರ್‌ಗಳು ಇದ್ದರೆ ಅವರ ಸಹಿ ಸೇರಿಸಿ ಒಂದೇ ಅರ್ಜಿ ಮಾಡಬೇಡ. ಸೇನೆಯಲ್ಲಿ ಗುಂಪು ಅರ್ಜಿಗೆ ಅವಕಾಶವೇ ಇಲ್ಲ. ಅದು ಶಿಸ್ತಿನ ಪ್ರಶ್ನೆ ಆಗಿ, ನಿನ್ನ ಅಸಲು ವಿಷಯ ಮೂಲೆಗೆ ಹೋಗುತ್ತದೆ.

ಮಾಜಿ ಮೇಜರ್

ಸುಬೇದಾರ್ ಸಾಹೇಬರು ಹೇಳಿದ್ದು ಸರಿ ಇದೆ. ನಾನು ಕಂಪನಿ ನಡೆಸಿದವನು, ಆ ಕಡೆಯಿಂದ ಎರಡು ಮಾತು.

ಪ್ರತಿ ರಿಪೋರ್ಟ್ ಆ ವರ್ಷದ್ದೇ. ಹಿಂದೆ ಅಬೌ ಆವರೇಜ್ ಇತ್ತು ಅಂದ ಮಾತ್ರಕ್ಕೆ ಹೊಸ ಅಧಿಕಾರಿ ಅದನ್ನೇ ಕೊಡಬೇಕು ಅಂತ ಇಲ್ಲ. ಹಾಗಾಗಿ 'ಇಷ್ಟು ವರ್ಷ ಚೆನ್ನಾಗಿತ್ತು, ಈಗ ಇಳಿಯಿತು' ಅನ್ನುವುದೊಂದೇ ವಾದ ಆದರೆ ಅದು ನಿಲ್ಲುವುದಿಲ್ಲ. ಇಳಿತಕ್ಕೆ ಕಾರಣವೇ ಕಾಣುತ್ತಿಲ್ಲ, ಎಚ್ಚರಿಕೆ ಕೊಟ್ಟಿಲ್ಲ, ದಾಖಲೆ ಬೇರೆಯದೇ ಹೇಳುತ್ತಿದೆ ಅನ್ನುವುದು ಜೊತೆಗೆ ಸೇರಿದಾಗ ಮಾತಿಗೆ ತೂಕ ಬರುತ್ತದೆ.

ಮುಂದಿನ ವರ್ಷ ಕೆಡಿಸುತ್ತಾರಾ ಅಂತ ಕೇಳಿದ್ದೀರಿ. ಆ ಭಯ ಸುಳ್ಳಲ್ಲ. ಆದರೆ ಬರಹದಲ್ಲಿ ದೂರು ಇರುವಾಗ ಅದೇ ಅಧಿಕಾರಿ ಮತ್ತೆ ಕಾರಣವಿಲ್ಲದೆ ಕೆಳಗಿಳಿಸಿದರೆ ಮೇಲಿನವರ ಕಣ್ಣಿಗೆ ಬೀಳುತ್ತದೆ. ನಾನು ರಿಪೋರ್ಟ್ ಬರೆಯುವಾಗ, ದೂರು ಕೊಟ್ಟವನ ಫಾರ್ಮ್ ಎದುರಿಗಿದ್ದರೆ ಪ್ರತಿ ಸಾಲಿಗೂ ಆಧಾರ ಹುಡುಕಿಯೇ ಬರೆಯುತ್ತಿದ್ದೆ. ಈ ಮಧ್ಯೆ ಪರೇಡ್, ಪಿಟಿ, ಸ್ಟೋರ್, ಎಲ್ಲ ಮೊದಲಿಗಿಂತ ಚೊಕ್ಕವಾಗಿ ಇರಲಿ. ಸಾಹೇಬರಿಗೆ ಸೆಲ್ಯೂಟ್ ಹೊಡೆಯುವಾಗ ಮುಖ ಗಂಟು ಬೇಡ.

ನಿಮ್ಮ ಸಿಒ ಅವರೇ ಈ ರಿಪೋರ್ಟಿನ ಆರ್‌ಒ (ರಿವ್ಯೂಯಿಂಗ್ ಆಫೀಸರ್, ಐಒ ಬರೆದದ್ದನ್ನು ಪರಿಶೀಲಿಸುವವರು) ಆಗಿರುತ್ತಾರೆ. ಅವರು ಈಗಾಗಲೇ ಒಪ್ಪಿ ಬರೆದಿರಬಹುದು. ಅದಕ್ಕೆ ನಿರಾಶೆ ಬೇಡ. ಅವರಿಗೆ ಬಿಡಿಸಲು ಆಗದ್ದನ್ನು ಮೇಲಕ್ಕೆ ಕಳಿಸಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ.

ಟ್ರಿಬ್ಯೂನಲ್ ವಕೀಲೆ

ಸೇನೆಯವರ ಕೇಸುಗಳನ್ನು ನಡೆಸುತ್ತೇನೆ. ಇಂಥ ವಿಷಯದಲ್ಲಿ ಬಂದವರಲ್ಲಿ ಹೆಚ್ಚಿನವರು 2008ರ ದೇವ್ ದತ್ ತೀರ್ಪು ಹಿಡಿದುಕೊಂಡು ಬರುತ್ತಾರೆ. ಎಸಿಆರ್‌ನ ಪ್ರತಿ ಅಂಶವನ್ನೂ ನೌಕರನಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಆದರೆ ಇದು ಮಿಲಿಟರಿ ಅಧಿಕಾರಿಗಳಿಗೆ ಅನ್ವಯಿಸುವುದಿಲ್ಲ ಅಂತಲೂ ಅದೇ ತೀರ್ಪಿನಲ್ಲಿ ಇದೆ. ಅದಕ್ಕೆ 2006ರಲ್ಲಿ ವರದಿಯಾದ ಮೇಜರ್ ಬಹದ್ದೂರ್ ಸಿಂಗ್ ಪ್ರಕರಣವನ್ನು ಉಲ್ಲೇಖಿಸಿದ್ದಾರೆ. ಇಂಟರ್ನೆಟ್‌ನಲ್ಲಿ ಅರ್ಧ ಓದಿ ಅದನ್ನೇ ದೂರಿನ ಮೊದಲ ಪ್ಯಾರಾ ಮಾಡಬೇಡಿ. ನಿಮ್ಮ ಬಲ ಇರುವುದು ಸೇನೆಯ ಸ್ವಂತ ಎಸಿಆರ್ ನಿಯಮಗಳಲ್ಲಿ.

ಇಲಾಖೆಯ ಒಳಗೆ ನ್ಯಾಯ ಸಿಗದಿದ್ದರೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಇದೆ, 2007ರ ಕಾಯಿದೆಯಲ್ಲಿ ಆದದ್ದು. ನೇರವಾಗಿ ಬರುವಂತಿಲ್ಲ, ಒಳಗಿನ ದಾರಿ ಮುಗಿಸಿರಬೇಕು. ದೂರು ಕೊಟ್ಟು ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ದಾರಿ ಮುಗಿದ ಹಾಗೇ ಲೆಕ್ಕ. ಉತ್ತರ ಬಂದರೆ ಬಂದ ಆದೇಶದ ದಿನದಿಂದ, ಬರದಿದ್ದರೆ ಆ ಆರು ತಿಂಗಳು ಮುಗಿದ ದಿನದಿಂದ, ಇನ್ನು ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಇದೆ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಡೈರಿ ನಂಬರ್ ತೆಗೆದುಕೋ ಅಂತ ಸುಬೇದಾರ್ ಸಾಹೇಬರು ಹೇಳಿದ್ದು ಇದಕ್ಕೇ. ಆರು ತಿಂಗಳ ಲೆಕ್ಕ ಅಲ್ಲಿಂದಲೇ ಶುರು.

ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಆದರೆ ನೀವು ಸರ್ವಿಸ್‌ನಲ್ಲಿ ಇರುವವರು, ಈಗ ಪೋಸ್ಟಿಂಗ್ ಇರುವ ಕಡೆಯ ಪೀಠಕ್ಕೆ ಹೋಗಬಹುದು. ಊರಿನ ವಿಳಾಸ ನೋಡಿ ಅರ್ಜಿ ಹಾಕುವುದು ನಿವೃತ್ತರಾದವರು.

ಒಂದು ನಿರೀಕ್ಷೆ ಮಾತ್ರ ಇಟ್ಟುಕೊಳ್ಳಬೇಡಿ. ಪೀಠ ತಾನೇ ಕೂತು ನಿಮಗೆ ಹೊಸ ಗ್ರೇಡ್ ಹಾಕುವುದಿಲ್ಲ. ಮೂಲ ಡೋಸಿಯರ್ ತರಿಸಿ ನೋಡುತ್ತದೆ, ನಿಯಮ ತಪ್ಪಿದ್ದರೆ ಆ ರಿಪೋರ್ಟನ್ನೋ ಆ ಸಾಲನ್ನೋ ತೆಗೆಸುತ್ತದೆ, ಪ್ರಮೋಷನ್‌ಗೆ ಮತ್ತೆ ಪರಿಗಣಿಸಿ ಅನ್ನುತ್ತದೆ. ಅಷ್ಟಾದರೂ ನಿಮಗೆ ಬೇಕಾದದ್ದು ಸಿಕ್ಕಂತೆಯೇ.

ಗಡಿ ಹವಾಲ್ದಾರ್

ಎಲ್ಲರಿಗೂ ದೊಡ್ಡ ಧನ್ಯವಾದ. ಸಾಹೇಬ್ರೇ, ನೀವು ಹೇಳಿದ ಹಾಗೆ ಕಾಗದ ಹರಡಿಕೊಂಡು ಕೂತೆ. 90 ದಿನದ ಲೆಕ್ಕ ನನ್ನ ಕಡೆ ಬರಲಿಲ್ಲ. ರಜೆ, ಕೋರ್ಸ್ ಎಲ್ಲ ಕಳೆದರೂ ಸ್ವಲ್ಪ ಮೇಲೇ ಇದೆ.

ಆದರೆ ಇನ್ನೊಂದು ಸಿಕ್ಕಿತು. ಅದೇ ಅವಧಿಯಲ್ಲಿ ಒಂದು ಡಿಟ್ಯಾಚ್‌ಮೆಂಟ್‌ಗೆ (ಯುನಿಟ್‌ನಿಂದ ದೂರ ಇರುವ ಸಣ್ಣ ತುಕಡಿ) ನನ್ನನ್ನು ಕಮಾಂಡರ್ ಮಾಡಿ ಕಳಿಸಿದ ಆರ್ಡರ್. ಅಲ್ಲಿ ಜೆಸಿಒ (ನಾಯಬ್ ಸುಬೇದಾರ್, ಸುಬೇದಾರ್ ದರ್ಜೆಯವರು) ಇರಲಿಲ್ಲ, ಅಧಿಕಾರಿ ಇರಲಿಲ್ಲ, ರೇಷನ್, ಸಂತ್ರಿ ಡ್ಯೂಟಿ, ಆಯುಧ ಎಲ್ಲ ನನ್ನ ಮೇಲೆ. ಆರ್ಡರ್‌ಗೆ ಸಹಿ ಈ ಸಾಹೇಬರದ್ದೇ. ಮೊದಲು ಕೊಟ್ಟ ಅವಧಿ ಮುಗಿದ ಮೇಲೆ ನನ್ನನ್ನೇ ಮುಂದುವರಿಸಿದ ಇನ್ನೊಂದು ಆರ್ಡರ್ ಕೂಡ ಇದೆ, ಅದಕ್ಕೂ ಅವರದ್ದೇ ಸಹಿ. ಸ್ಟೋರ್ ಬೋರ್ಡ್‌ನಲ್ಲಿ ಕೊರತೆ ಇಲ್ಲ ಅಂತಲೂ ಇದೆ. ಇವನ್ನು ಹೇಗೆ ಬರೆಯಲಿ? ನಾನು ಬರೆದರೆ ಸಿಟ್ಟು ಬಂದುಬಿಡುತ್ತದೆ.

ಹಳೇ ಹೆಡ್ ಕ್ಲರ್ಕ್

ಭೇಷ್! 90 ದಿನದ್ದು ಬಿಟ್ಟುಬಿಡು, ದೂರಿನಲ್ಲಿ ಅದನ್ನು ಎತ್ತಲೇ ಬೇಡ. ಒಂದು ಸೋಲುವ ಅಂಶ ಸೇರಿದರೆ ಗೆಲ್ಲುವ ಅಂಶಕ್ಕೂ ಮರ್ಯಾದೆ ಹೋಗುತ್ತದೆ.

ಆ ಎರಡು ಆರ್ಡರ್ ಇದೆಯಲ್ಲ, ಅದೇ ನಿನ್ನ ದೂರು. ಪ್ಯಾರಾ ಹೀಗಿರಲಿ: 'ರಿಪೋರ್ಟಿನ ಅವಧಿಯಲ್ಲಿ ಇಂಥ ತಾರೀಖಿನ ಆರ್ಡರ್ ಪ್ರಕಾರ ನನ್ನನ್ನು ಡಿಟ್ಯಾಚ್‌ಮೆಂಟ್ ಕಮಾಂಡರ್ ಆಗಿ ನೇಮಿಸಲಾಯಿತು. ಇಂಥ ತಾರೀಖಿನ ಆರ್ಡರ್ ಪ್ರಕಾರ ಅದೇ ಹೊಣೆಯಲ್ಲಿ ಮುಂದುವರಿಸಲಾಯಿತು. ಆ ಅವಧಿಯಲ್ಲಿ ಅಲ್ಲಿ ಯಾವ ಜೆಸಿಒ ಅಥವಾ ಅಧಿಕಾರಿ ಇರಲಿಲ್ಲ. ನನ್ನ ಕೆಲಸದಲ್ಲಿ ಕೊರತೆ ಇದೆ ಅಂತ ಲಿಖಿತವಾಗಿಯಾಗಲಿ ಬಾಯಿ ಮಾತಿನಲ್ಲಾಗಲಿ ನನಗೆ ತಿಳಿಸಿಲ್ಲ. ಆದ್ದರಿಂದ ಮೇಲ್ವಿಚಾರಣೆ ಕುರಿತ ಸಾಲು ದಾಖಲೆಗೆ ಹೊಂದುವುದಿಲ್ಲ ಎಂದು ವಿನಂತಿಸುತ್ತೇನೆ.' ಅಷ್ಟೇ. ಸಾಹೇಬರ ಹೆಸರಿಗೆ ಒಂದು ವಿಶೇಷಣವೂ ಬೇಡ. ಕೊನೆಗೆ ಏನು ಬೇಕು ಅಂತ ಸ್ಪಷ್ಟವಾಗಿ ಕೇಳು: ಆ ಸಾಲು ಮತ್ತು ಅದರಿಂದ ಇಳಿದ ಗ್ರೇಡ್ ತೆಗೆಯಬೇಕು. 'ನ್ಯಾಯ ಕೊಡಿಸಿ' ಅಂತ ಬರೆದರೆ ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಬಾಯಿ ಮಾತಿನಲ್ಲೂ ತಿಳಿಸಿಲ್ಲ ಅನ್ನುವ ಸಾಲನ್ನು ಬರೆಯುವ ಮುಂಚೆ ಚೆನ್ನಾಗಿ ನೆನಪು ಮಾಡಿಕೋ. ಒಂದು ಸಲವಾದರೂ ಕರೆದು ಹೇಳಿದ್ದರೆ ಆ ಮಾತು ಕಿತ್ತುಹಾಕು, 'ಲಿಖಿತವಾಗಿ' ಅನ್ನುವುದಷ್ಟೇ ಇರಲಿ. ಆರ್ಡರ್‌ಗಳ ನಂಬರ್, ತಾರೀಖು ದೂರಿನಲ್ಲಿ ಬರೆ. ಕಾಪಿಯನ್ನು ಆಫೀಸಿನಿಂದ ಕೇಳಿಯೇ ತೆಗೆದುಕೋ, ಮೊಬೈಲ್‌ನಲ್ಲಿ ಫೋಟೋ ಹೊಡೆಯಬೇಡ, ಇಲ್ಲಿ ಹಾಕುವುದಂತೂ ಬೇಡವೇ ಬೇಡ.

ಗಡಿ ಹವಾಲ್ದಾರ್

ಆಯಿತು ಸಾಹೇಬ್ರೇ. ನೆನಪು ಮಾಡಿಕೊಂಡೆ. ಚೆಕಿಂಗ್ ದಿನ ಜೋರು ಮಾಡಿದ್ದು ಬಿಟ್ಟರೆ ಕರೆದು ಹೇಳಿದ್ದು ಒಂದೂ ಇಲ್ಲ. ಆದರೂ 'ಲಿಖಿತವಾಗಿ' ಅಂತ ಮಾತ್ರ ಬರೆಯುತ್ತೇನೆ. ರಜೆ ಮುಗಿಸಿ ಹೋದ ಕೂಡಲೇ ಎಸ್‌ಎಂ ಸಾಹೇಬರ ಹತ್ತಿರ ಇಂಟರ್‌ವ್ಯೂಗೆ ಹೆಸರು ಕೊಡುತ್ತೇನೆ. ಡೈರಿ ನಂಬರ್ ಸಿಕ್ಕಿದ ದಿನ ಇಲ್ಲಿ ತಿಳಿಸುತ್ತೇನೆ.