ಹಳೆಯ ವಿಲ್ಲೀಸ್ ಪಿಕಪ್‌ನ ಬಿರಿದ ಸ್ಟೀರಿಂಗ್: ಬದಲಿಸುವುದೋ, ಉಳಿಸಿಕೊಳ್ಳುವುದೋ?

ಪ್ರಶ್ನೆ (ಆಲ್ದೂರಿನ ಬೆಳೆಗಾರ):
ನಮ್ಮ ತೋಟದಲ್ಲಿ ಅಪ್ಪನ ಕಾಲದ ವಿಲ್ಲೀಸ್ (ಜೀಪ್ ತಯಾರಿಸಿದ ಕಂಪನಿ) ಪಿಕಪ್ ಇದೆ. ಎಂಜಿನ್ ಗಟ್ಟಿಯಾಗಿದೆ, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಚೀಲಗಳನ್ನು ಈಗಲೂ ಅದೇ ಹೊರುತ್ತದೆ. ಸ್ಟೀರಿಂಗ್ ಚಕ್ರದ ಕಪ್ಪು ಹೊದಿಕೆ ಮಾತ್ರ ಸುತ್ತಲೂ ಬಿರಿದಿದೆ. ಕಡ್ಡಿಗಳು ಬಳೆಗೆ ಸೇರುವಲ್ಲಿ ಉಗುರು ಇಳಿಯುವಷ್ಟು ಸೀಳು. ಚಿಕ್ಕ ಅಳತೆಯ ಹೊಸ ಚಕ್ರ ಹಾಕಿಸಿ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ನನಗೆ ಮನಸ್ಸಿಲ್ಲ. ಆದರೆ ಚಾರ್ಮಾಡಿ ಘಾಟಿಯಲ್ಲಿ ಕೈಯಲ್ಲೇ ಮುರಿದರೆ ಎಂಬ ಭಯವೂ ಬಿಡುವುದಿಲ್ಲ. ಬಲ್ಲವರು ತಿಳಿಸಿ.

ಉತ್ತರ (ಸಕಲೇಶಪುರದ ಮೆಕ್ಯಾನಿಕ್):
ಚಿಕ್ಕ ಚಕ್ರ ಖಂಡಿತ ಬೇಡ ಸಾರ್. ನಿಮ್ಮ ಗಾಡಿಗೆ ಪವರ್ ಸ್ಟೀರಿಂಗ್ ಇಲ್ಲ. ಆ ದೊಡ್ಡ ಬಳೆಯೇ ನಿಮ್ಮ ತೋಳಿಗೆ ಸನ್ನೆಕೋಲು. ಅದನ್ನು ಕಿರಿದು ಮಾಡಿದರೆ, ಹೊರೆ ತುಂಬಿದ ಗಾಡಿಯನ್ನು ಹಿಮ್ಮುರಿ ತಿರುವಿನಲ್ಲಿ ನಿಧಾನವಾಗಿ ತಿರುಗಿಸುವಾಗ ಭುಜವೇ ಕಿತ್ತುಬರುತ್ತದೆ.

ಬಿರುಕು ಕಂಡ ಮಾತ್ರಕ್ಕೆ ಚಕ್ರ ಸತ್ತಿತು ಎನ್ನಬೇಡಿ. ಭಾರ ಹೊರುವುದು ಒಳಗಿನ ಉಕ್ಕು, ಹೊದಿಕೆಯಲ್ಲ. ಬಿಸಿಲಿಗೂ ಚಳಿಗೂ ಹೊದಿಕೆ ಕುಗ್ಗಿ ಸೀಳುತ್ತದೆ, ಆ ಸೀಳಿನಲ್ಲಿ ನಮ್ಮ ಮಲೆನಾಡಿನ ಮಳೆಗಾಲದ ತೇವ ಇಳಿಯುತ್ತದೆ. ಸಡಿಲವಾದ ಹೊದಿಕೆಯನ್ನು ಕೆತ್ತಿ ತೆಗೆದು, ಉಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಮೇಲಿನ ತುಕ್ಕು ಮಾತ್ರವಿದ್ದರೆ ಚಕ್ರವನ್ನು ಉಳಿಸಿಕೊಳ್ಳಬಹುದು. ತುಕ್ಕು ಉಕ್ಕನ್ನು ತಿಂದು ತೆಳ್ಳಗಾಗಿಸಿದ್ದರೆ, ಕಡ್ಡಿಯ ಬೆಸುಗೆ ಬಿಟ್ಟಿದ್ದರೆ ಅಥವಾ ಶಾಫ್ಟಿನ ಮೇಲೆ ಕೂರುವ ನಡುವಿನ ಭಾಗ (ಹಬ್) ಅಲುಗುತ್ತಿದ್ದರೆ ಮಮತೆ ಬಿಟ್ಟು ಬದಲಿಸಿ. ಅಂಥ ಚಕ್ರವನ್ನು ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಬಳಿದು ಮುಚ್ಚುವುದು ಅಪಾಯ.

ಉಳಿಸುವುದಾದರೆ ಸೀಳನ್ನು ವಿ ಆಕಾರದಲ್ಲಿ ಅಗಲಿಸಿ. ಎಣ್ಣೆ ಜಿಡ್ಡನ್ನು ಥಿನ್ನರ್‌ನಿಂದ ಒರೆಸದಿದ್ದರೆ ಏನು ತುಂಬಿದರೂ ನಿಲ್ಲುವುದಿಲ್ಲ. ಎರಡು ಭಾಗದ ಎಪಾಕ್ಸಿ ಪುಟ್ಟಿಯನ್ನು ಅಂಚಿಗಿಂತ ತುಸು ಎತ್ತರಕ್ಕೆ ತುಂಬಿ, ಒಂದು ದಿನ ಒಣಗಲು ಬಿಡಿ. ಮೊದಲು 80, ನಂತರ 220, 400 ನಂಬರಿನ ಉಜ್ಜು ಕಾಗದ; ಆಮೇಲೆ ಪ್ರೈಮರ್, ಬಣ್ಣ.

ಉತ್ತರ (ಮೂಡಿಗೆರೆ):
ಹೊಸದನ್ನೇ ಕೊಳ್ಳುವುದಾದರೆ ಹಳೆಯ ಚಕ್ರವನ್ನು ಅಂಗಡಿಗೆ ಕೊಂಡೊಯ್ಯಿರಿ. ನಡುವಿನ ಹಲ್ಲುಗಳ ಎಣಿಕೆಯೂ ತೂತಿನ ಅಳತೆಯೂ ಹೊಂದಬೇಕು. ‘ಜೀಪಿನದೇ’ ಎಂಬ ಮಾತಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ ಕೇಳಿದವರು:
ನಟ್ ಬಿಚ್ಚಿದೆ, ಚಕ್ರ ಅಲುಗುತ್ತಿಲ್ಲ. ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆಯಬಹುದೇ?

ಉತ್ತರ (ಸಕಲೇಶಪುರದ ಮೆಕ್ಯಾನಿಕ್):
ದಯವಿಟ್ಟು ಹೊಡೆಯಬೇಡಿ. ಆ ಪೆಟ್ಟು ಶಾಫ್ಟಿನ ಮೂಲಕ ನೇರವಾಗಿ ಸ್ಟೀರಿಂಗ್ ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಚಕ್ರಕ್ಕಿಂತ ಅದರ ರಿಪೇರಿ ದೊಡ್ಡದು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ನಟ್ಟನ್ನು ನಾಲ್ಕು ಸುತ್ತು ಮತ್ತೆ ಹಾಕಿ, ಆಮೇಲೆ ಪುಲ್ಲರ್ (ಚಕ್ರವನ್ನು ಎಳೆದು ಬಿಡಿಸುವ ಸಾಧನ) ಬಿಗಿಯಿರಿ. ನಟ್ ಇದ್ದರೆ ಚಕ್ರ ಏಕಾಏಕಿ ಕಿತ್ತು ಮುಖಕ್ಕೆ ಬಡಿಯುವುದಿಲ್ಲ. ಎಳೆಯುವ ಮೊದಲೇ ಮುಂದಿನ ಗಾಲಿಗಳನ್ನು ನೇರ ನಿಲ್ಲಿಸಿ, ಶಾಫ್ಟಿಗೂ ಚಕ್ರಕ್ಕೂ ಒಂದೇ ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ಬ್ಯಾಟರಿ ತಂತಿಯನ್ನು ಕಳಚಿದ್ದೀರಿ ತಾನೆ? ಹಾರ್ನಿನ ತಂತಿ ಸ್ಟೀರಿಂಗ್ ಕಂಬದ ಕೊಳವೆಯೊಳಗೇ ಬರುತ್ತದೆ. ಅದರ ಹೊದಿಕೆ ಹರಿದು ಲೋಹಕ್ಕೆ ತಾಗಿದರೆ ಬಟನ್ ಒತ್ತದೆಯೇ ಹಾರ್ನ್ ಕೂಗುತ್ತದೆ. ಚಕ್ರ ಹೊರಗಿರುವಾಗಲೇ ಆ ತಂತಿಯನ್ನೂ ಬದಲಿಸಿಬಿಡಿ.